ಪ್ರಮಾಣಪತ್ರ ಬಾರ್‌ಸ್ಟೋ ಕೈಲಿ, ಕುರ್ಚಿ ಬ್ಯಾಶ್‌ಫರ್ಡ್‌ಗೆ: ಸೋತ ಕಡೆಯಿಂದ ವಾದಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಕಾನೂನು ಪದವಿಯ ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ಅಣಕು ನ್ಯಾಯಾಲಯಕ್ಕೆ ಈ ಸಲ ಅಮೆರಿಕದ ಹಳೆಯ ಮೊಕದ್ದಮೆಯೊಂದನ್ನು ಕೊಟ್ಟಿದ್ದಾರೆ: 1855ರ ವಿಸ್ಕಾನ್ಸಿನ್ ಗವರ್ನರ್ ಚುನಾವಣೆ, ಬ್ಯಾಶ್‌ಫರ್ಡ್ ಮತ್ತು ಬಾರ್‌ಸ್ಟೋ ನಡುವಿನ ತಕರಾರು. ನಮ್ಮ ತಂಡಕ್ಕೆ ಬಂದದ್ದು ಬಾರ್‌ಸ್ಟೋ ಕಡೆ. ಗೆದ್ದವರೆಂದು ಪ್ರಮಾಣಪತ್ರ ಪಡೆದು, ಪ್ರಮಾಣವಚನ ಸ್ವೀಕರಿಸಿ, ಕುರ್ಚಿಯಲ್ಲಿ ಕೂತವರನ್ನು ಕೋರ್ಟು ಇಳಿಸಿತಂತೆ. ನ್ಯಾಯಮೂರ್ತಿಗಳೆಲ್ಲ ಎದುರು ಪಕ್ಷದವರೇ ಆಗಿದ್ದರು, ಮತಗಳನ್ನೆಲ್ಲ ಮತ್ತೆ ಎಣಿಸಿದರು, ಕೊನೆಗೆ ಬಂದೂಕು ಹಿಡಿದು ಹೊರಗೆ ಹಾಕಿದರು ಎಂದೆಲ್ಲ ಓದಿದೆ. ಇದು ನಿಜವೇ? ನಮ್ಮ ಕಡೆಗೆ ಹೇಳಲು ಏನಾದರೂ ಉಳಿದಿದೆಯೇ? ನನ್ನ ಗೆಳತಿ, ‘ಇಲ್ಲಿಯೂ ಕೋ ವಾರಂಟೊ (ಹುದ್ದೆಯಲ್ಲಿ ಕೂತವರ ಹಕ್ಕನ್ನು ಪ್ರಶ್ನಿಸುವ ರಿಟ್) ಹಾಕಿ ಗೆದ್ದವರನ್ನು ಇಳಿಸಬಹುದು, ಆ ಹೋಲಿಕೆ ಕೊಡು’ ಎನ್ನುತ್ತಾಳೆ. ಕೊಡಬಹುದೇ?

ಉತ್ತರ: ನಿಮ್ಮ ಆತಂಕ ಎರಡು. ಕೈಯಲ್ಲಿರುವ ಸಂಗತಿಗಳಲ್ಲಿ ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎಂಬುದು ಒಂದು. ಸೋತ ಕಡೆಯಲ್ಲಿ ನಿಂತು ಮರ್ಯಾದೆಯಿಂದ ವಾದಿಸಲು ಸಾಧ್ಯವೇ ಎಂಬುದು ಇನ್ನೊಂದು. ಸಾಧ್ಯವಿದೆ. ಬಾರ್‌ಸ್ಟೋ ಪರ ನಿಂತಿದ್ದವರು ಸಾಮಾನ್ಯ ವಕೀಲರಲ್ಲ. ಅವರಲ್ಲಿ ಒಬ್ಬರಾದ ಮ್ಯಾಥ್ಯೂ ಕಾರ್ಪೆಂಟರ್ ಮುಂದೆ ಅಮೆರಿಕದ ಸೆನೆಟ್‌ಗೆ ಹೋದವರು. ಆದರೆ ಅವರು ಎಲ್ಲಿ ಎಡವಿದರೋ ಅಲ್ಲೇ ನೀವೂ ಎಡವಬಾರದು.

ಮೊದಲು ಒಂದು ಮಾತು. ನಿಮ್ಮ ಕರಡಿನಲ್ಲಿ ಗವರ್ನರ್ ಎಂಬುದನ್ನು ‘ರಾಜ್ಯಪಾಲ’ ಎಂದು ಬರೆದಿದ್ದರೆ ಇವತ್ತೇ ತಿದ್ದಿಬಿಡಿ. ನಮ್ಮಲ್ಲಿ ರಾಜ್ಯಪಾಲರನ್ನು 155ನೇ ವಿಧಿಯಡಿ ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದ ಗವರ್ನರ್ ಜನರ ಮತದಿಂದ ನೇರವಾಗಿ ಆಯ್ಕೆಯಾಗುವ ರಾಜ್ಯದ ಮುಖ್ಯಸ್ಥ. ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ, ಆದರೆ ಶಾಸನಸಭೆಯ ಬಹುಮತದ ಮೇಲೆ ಅವರ ಕುರ್ಚಿ ನಿಂತಿರುವುದಿಲ್ಲ. ಈ ವ್ಯತ್ಯಾಸವೇ ನಿಮ್ಮ ವಾದದ ಬುಡ.

ಈಗ ಘಟನೆಗೆ ಬರೋಣ. 1855ರ ನವೆಂಬರ್ 6ರಂದು ಮತದಾನ ನಡೆಯಿತು. ಅಧಿಕಾರದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ವಿಲಿಯಂ ಬಾರ್‌ಸ್ಟೋ ಎದುರು ಆಗಷ್ಟೇ ಹುಟ್ಟಿದ್ದ ರಿಪಬ್ಲಿಕನ್ ಪಕ್ಷದ ಕೋಲ್ಸ್ ಬ್ಯಾಶ್‌ಫರ್ಡ್ ಇದ್ದರು. ರಾಜ್ಯ ಮತಪರಿಶೀಲನಾ ಮಂಡಳಿ ಬಾರ್‌ಸ್ಟೋಗೆ 36,355, ಬ್ಯಾಶ್‌ಫರ್ಡ್‌ಗೆ 36,198 ಎಂದು ಘೋಷಿಸಿತು. ಅಂತರ 157. 1856ರ ಜನವರಿ 7ರಂದು ಇಬ್ಬರೂ ಪ್ರಮಾಣವಚನ ತೆಗೆದುಕೊಂಡರು. ಬಾರ್‌ಸ್ಟೋ ಅವರದು ರಾಜಧಾನಿ ಮ್ಯಾಡಿಸನ್‌ನ ಶಾಸನಭವನದಲ್ಲಿ ಮಿಲಿಷಿಯಾ (ರಾಜ್ಯದ ನಾಗರಿಕ ಪಡೆ) ಸಮೇತ ಅದ್ದೂರಿಯಾಗಿ ಆಯಿತು. ಬ್ಯಾಶ್‌ಫರ್ಡ್ ಅವರದು ರಾಜ್ಯದ ಸುಪ್ರೀಂ ಕೋರ್ಟ್ ಕೊಠಡಿಯಲ್ಲಿ, ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟನ್ ಎದುರು, ಸದ್ದಿಲ್ಲದೆ ಮುಗಿಯಿತು. ಮರುಗಳಿಗೆಯಿಂದಲೇ ಮೊಕದ್ದಮೆಯ ಮಾತು ಶುರುವಾಯಿತು.

ಆ ಕಾಲದಲ್ಲಿ ಮತ ಹೇಗೆ ಮೇಲೇರುತ್ತಿತ್ತು ಎಂಬುದು ಮನಸ್ಸಿಗೆ ಹತ್ತದಿದ್ದರೆ ಮೋಸ ಎಲ್ಲಿ ನುಸುಳಿತು ಎಂಬುದೂ ಹತ್ತುವುದಿಲ್ಲ. ಸರ್ಕಾರ ಮುದ್ರಿಸಿದ ಮತಪತ್ರ ಆಗ ಇರಲಿಲ್ಲ. ಪಕ್ಷಗಳೇ ತಮ್ಮ ಅಭ್ಯರ್ಥಿಗಳ ಹೆಸರಿನ ಚೀಟಿ ಅಚ್ಚು ಹಾಕಿ ಹಂಚುತ್ತಿದ್ದವು. ಸರ್ಕಾರಿ ಮತಪತ್ರ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1888ರಿಂದ ಈಚೆಗೆ. ಮತಗಟ್ಟೆಯಲ್ಲಿ ಗುಮಾಸ್ತ ಬಂದವರ ಹೆಸರನ್ನು ಒಂದೊಂದಾಗಿ ಪಟ್ಟಿಯಲ್ಲಿ ಬರೆಯುತ್ತಿದ್ದ. ಸಂಜೆ ಚೀಟಿ ಎಣಿಸಿ, ಒಟ್ಟು ಪಟ್ಟಿಗೆ ತಾಳೆಯಾಯಿತೇ ನೋಡಿ, ಮತಗಟ್ಟೆಯ ಮೇಲ್ವಿಚಾರಕರು ಸಹಿ ಹಾಕಿ ಫಲಿತಾಂಶದ ಪತ್ರ ತಯಾರಿಸುತ್ತಿದ್ದರು. ಅದು ಕೌಂಟಿಗೆ, ಅಂದರೆ ಜಿಲ್ಲೆಯ ಮಟ್ಟಕ್ಕೆ, ಹೋಗಿ ಕೂಡಿಕೆಯಾಗಿ, ಅಲ್ಲಿಂದ ರಾಜಧಾನಿಗೆ ಬರಬೇಕು. ರಾಜಧಾನಿಯಲ್ಲಿದ್ದ ಮಂಡಳಿಯಲ್ಲಿ ರಾಜ್ಯದ ಕಾರ್ಯದರ್ಶಿ, ಖಜಾಂಚಿ, ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲ) ಮೂವರು. ಮೂವರೂ ಬಾರ್‌ಸ್ಟೋ ಪಕ್ಷದವರೇ. ಅವರ ಮುಂದೆ ಬರುತ್ತಿದ್ದುದು ಚೀಟಿಗಳಲ್ಲ, ಕಾಗದದ ಮೇಲಿನ ಅಂಕಿ ಮಾತ್ರ. ಹಾಗಾಗಿ ಮೋಸ ಮಾಡುವವನು ಮತಗಟ್ಟೆಗೆ ಹೋಗಬೇಕಾಗಿಯೇ ಇರಲಿಲ್ಲ. ಒಂದು ಹಾಳೆ, ಒಂದಿಷ್ಟು ಮಸಿ ಸಾಕಿತ್ತು.

ಆಗಿದ್ದೂ ಅದೇ. ಎಣಿಕೆಯ ಕೊನೆಯ ಹೊತ್ತಿಗೆ ರಾಜ್ಯದ ಉತ್ತರದ ಕಾಡುಸೀಮೆಯಿಂದ ‘ಪೂರಕ’ ಫಲಿತಾಂಶಗಳು ಎಂಬ ಹೆಸರಿನಲ್ಲಿ ಕೆಲವು ಪತ್ರಗಳು ಬಂದವು. ಬ್ರಿಜ್ ಕ್ರೀಕ್, ಸ್ಪ್ರಿಂಗ್ ಕ್ರೀಕ್, ಗಿಲ್ಬರ್ಟ್ಸ್ ಮಿಲ್ಸ್ ಎಂಬ ಹೆಸರುಗಳು ಅವುಗಳಲ್ಲಿದ್ದವು. ಜನವಸತಿಯೇ ವಿರಳವಾಗಿದ್ದ ಆ ಕಡೆ, ಇಲ್ಲದ ಮತಗಟ್ಟೆಗಳ ಹೆಸರಿನಲ್ಲಿ ಬಾರ್‌ಸ್ಟೋ ಪರ ಮತಗಳು ಬಂದಿದ್ದವು. ಇಲ್ಲೊಂದು ಕಾಗದವನ್ನು ಹತ್ತಿರದಿಂದ ನೋಡಿ. ಒಂದಕ್ಕೊಂದು ಮೈಲುಗಟ್ಟಲೆ ದೂರವಿದ್ದವೆಂದು ಹೇಳಿದ ಎರಡು ಕಡೆಯ ಫಲಿತಾಂಶಗಳು ಒಂದೇ ಹಾಳೆಯಿಂದ ಬಂದಿದ್ದವು. ರಸ್ತೆಯೇ ಇಲ್ಲದ ಕಾಡಿನಲ್ಲಿ ಇಬ್ಬರು ಬೇರೆ ಬೇರೆ ಅಧಿಕಾರಿಗಳು ಬೇರೆ ಬೇರೆ ಊರಿನಲ್ಲಿ ಕೂತು ಬರೆದದ್ದು ಒಂದೇ ಹಾಳೆಯಲ್ಲಿ ಇರಲು ದಾರಿಯಿಲ್ಲ. ಸಾಕ್ಷಿ ಕಟಕಟೆಗೆ ಬಂದು ಹೇಳುವುದಕ್ಕಿಂತ ಆ ಹಾಳೆ ಹೆಚ್ಚು ಹೇಳಿತು. ಎದುರಾಳಿ ತಂಡ ಇದನ್ನೇ ಎತ್ತುತ್ತದೆ, ಸಿದ್ಧರಾಗಿರಿ.

ಈಗ ನೀವು ಓದಿದ ಮೂರು ಮಾತುಗಳು.

‘ಮತಗಳನ್ನೆಲ್ಲ ಮತ್ತೆ ಎಣಿಸಿದರು’ ಎಂಬುದು ತಪ್ಪು. ರಾಜ್ಯದ ಎಪ್ಪತ್ತೆರಡು ಸಾವಿರ ಚೀಟಿಗಳನ್ನು ಮೂವರು ನ್ಯಾಯಮೂರ್ತಿಗಳು ಎಣಿಸಲಿಲ್ಲ. ತಕರಾರಿದ್ದ ಫಲಿತಾಂಶ ಪತ್ರಗಳ ಬಗ್ಗೆ ಸಾಕ್ಷ್ಯ ತೆಗೆದುಕೊಂಡು, ಸುಳ್ಳೆಂದು ಕಂಡದ್ದನ್ನು ಕಳೆದು, ಉಳಿದದ್ದನ್ನು ಕೂಡಿದರು. 1856ರ ಮಾರ್ಚ್ 24ರಂದು ಬ್ಯಾಶ್‌ಫರ್ಡ್ 1,009 ಮತಗಳಿಂದ ಗೆದ್ದಿದ್ದಾರೆ ಎಂದು ತೀರ್ಪಾಯಿತು. 157ರ ಸೋಲು 1,009ರ ಗೆಲುವಾಯಿತೆಂದರೆ ಲೆಕ್ಕದಲ್ಲಿ ಪಲ್ಲಟವಾದದ್ದು ಒಟ್ಟು 1,166. ಈ ಸಂಖ್ಯೆಯನ್ನು ‘ಇಷ್ಟು ಕಳ್ಳಮತ’ ಎಂದು ಹೇಳಬೇಡಿ. ಅದು ಅಂತರದಲ್ಲಾದ ಬದಲಾವಣೆ. ಒಬ್ಬರ ಮತ ಕಳೆದದ್ದೂ ಇನ್ನೊಬ್ಬರದ್ದು ಕೂಡಿದ್ದೂ ಅದರಲ್ಲಿ ಬೆರೆತಿರಬಹುದು. ಪೀಠದವರು ಇಂಥ ಕಡೆಯೇ ಹಿಡಿಯುತ್ತಾರೆ.

‘ಬಂದೂಕು ಹಿಡಿದು ಹೊರಗೆ ಹಾಕಿದರು’ ಎಂಬುದೂ ತಪ್ಪು. ತೀರ್ಪಿಗೆ ಮೂರು ದಿನ ಮುಂಚೆಯೇ, ಮಾರ್ಚ್ 21ರಂದು, ಬಾರ್‌ಸ್ಟೋ ರಾಜೀನಾಮೆ ಕೊಟ್ಟರು. ಲೆಫ್ಟಿನೆಂಟ್ ಗವರ್ನರ್ (ಉಪಗವರ್ನರ್) ಆರ್ಥರ್ ಮೆಕಾರ್ಥರ್ ನಾಲ್ಕು ದಿನ ಹಂಗಾಮಿಯಾಗಿದ್ದರು. ಎರಡನೇ ಮಹಾಯುದ್ಧದ ಜನರಲ್ ಡಗ್ಲಸ್ ಮೆಕಾರ್ಥರ್ ಅವರ ಅಜ್ಜ ಇವರೇ. ಮಾರ್ಚ್ 25ರಂದು ಬ್ಯಾಶ್‌ಫರ್ಡ್ ಷೆರಿಫ್ ಜೊತೆ ಕಚೇರಿಗೆ ಬಂದಾಗ ಮೆಕಾರ್ಥರ್, ಬಲಪ್ರಯೋಗ ಮಾಡುತ್ತೀರಾ ಎಂದು ಕೇಳಿದರು. ಬೇಕಾಗಲಾರದು ಅಂದುಕೊಂಡಿದ್ದೇನೆ, ಬೇಕಾದರೆ ಷೆರಿಫ್ ನೆರವಿನಿಂದ ಮಾಡಲು ಹಿಂಜರಿಯುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಮೆಕಾರ್ಥರ್ ಎದ್ದು ಹೋದರು. ರಕ್ತ ಹರಿಯಲಿಲ್ಲ. ಇನ್ನೂ ಮುಖ್ಯವಾದದ್ದು, ಅದೇ ಮೆಕಾರ್ಥರ್ ತಮ್ಮ ಹುದ್ದೆಯಲ್ಲಿ 1858ರವರೆಗೂ ಮುಂದುವರಿದರು. ಕೋರ್ಟು ಒಂದು ಪಕ್ಷವನ್ನು ಗುಡಿಸಿ ಹಾಕಲಿಲ್ಲ, ಒಂದು ಹುದ್ದೆಯ ಹಕ್ಕನ್ನು ತೀರ್ಮಾನಿಸಿತು.

‘ನ್ಯಾಯಮೂರ್ತಿಗಳೆಲ್ಲ ಎದುರು ಪಕ್ಷದವರು’ ಎಂಬುದನ್ನು ಅರ್ಧ ಮಾತ್ರ ಒಪ್ಪಬಹುದು. ಪೀಠದ ಒಲವನ್ನು ಆ ಕಾಲದ ಡೆಮಾಕ್ರಟರು ದೂರಿದ್ದು ನಿಜ. ವೈಟನ್ ಅವರು ಬ್ಯಾಶ್‌ಫರ್ಡ್‌ಗೆ ತಾವೇ ಪ್ರಮಾಣವಚನ ಬೋಧಿಸಿ, ಆಮೇಲೆ ಅದೇ ಹಕ್ಕಿನ ವಿಚಾರಣೆಗೆ ಕೂತದ್ದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಇದನ್ನು ನೀವು ಧೈರ್ಯವಾಗಿ ಹೇಳಿ. ಆದರೆ ಕೂಡಲೇ ತಿರುಗೇಟು ಬರುತ್ತದೆ: ಬ್ಯಾಶ್‌ಫರ್ಡ್ ಪರ ವಾದಿಸಿದವರಲ್ಲಿ ಒಬ್ಬರು ಎಡ್ವರ್ಡ್ ರಯಾನ್, ಕಟ್ಟಾ ಡೆಮಾಕ್ರಟ್. ಅವರೇ 1874ರಲ್ಲಿ ಅದೇ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಮೊಕದ್ದಮೆಯ ಅರ್ಜಿ (ಇನ್‌ಫರ್ಮೇಶನ್) ಸಲ್ಲಿಸಿದ ಹೊಸ ಅಟಾರ್ನಿ ಜನರಲ್ ಕೂಡ ಡೆಮಾಕ್ರಟ್. ಹೀಗಾಗಿ ಪಕ್ಷಪಾತವನ್ನೇ ಮುಖ್ಯ ವಾದ ಮಾಡಿಕೊಂಡರೆ ಕೈ ಸುಡುತ್ತದೆ. ಕೊನೆಯಲ್ಲಿ, ಒಂದೆರಡು ವಾಕ್ಯದಲ್ಲಿ ಮುಗಿಸಿ.

ಹಾಗಾದರೆ ಯಾವುದನ್ನು ಮುಂದಿಡಬೇಕು? ನಿಮ್ಮ ಅತಿ ಬಲವಾದ ಅಸ್ತ್ರ ಕೋರ್ಟಿನ ಅಧಿಕಾರವ್ಯಾಪ್ತಿ. ಬಾರ್‌ಸ್ಟೋ ವಕೀಲರೂ ಅದನ್ನೇ ಮೊದಲು ಹಿಡಿದರು. ಸರ್ಕಾರದ ಮೂರು ಅಂಗಗಳು ಸಮಾನ, ಒಂದು ಅಂಗದ ಮುಖ್ಯಸ್ಥ ಯಾರೆಂದು ಇನ್ನೊಂದು ಅಂಗ ತೀರ್ಮಾನಿಸಿದರೆ ಸಮಾನತೆ ಉಳಿಯುವುದಿಲ್ಲ, ನಾಳೆ ಕೋರ್ಟಿನ ನ್ಯಾಯಮೂರ್ತಿ ಯಾರೆಂದು ಗವರ್ನರ್ ತೀರ್ಮಾನಿಸಬಹುದೇ ಎಂಬುದು ವಾದದ ಸಾರ. ಇದು ಪೊಳ್ಳಲ್ಲ. ಗವರ್ನರ್ ಆದೇಶ ಪಾಲಿಸದಿದ್ದರೆ ಕೋರ್ಟಿನ ಬಳಿ ಸೈನ್ಯವಿಲ್ಲ, ಮಿಲಿಷಿಯಾ ಗವರ್ನರ್ ಕೈಯಲ್ಲೇ ಇರುತ್ತದೆ ಎಂಬ ಪ್ರಾಯೋಗಿಕ ಅಂಶವನ್ನೂ ಸೇರಿಸಿ. ಅಪಾಯ ಎಲ್ಲಿದೆ ಅಂದರೆ, ವಿಸ್ಕಾನ್ಸಿನ್ ಸಂವಿಧಾನದ 7ನೇ ಅನುಚ್ಛೇದದ 3ನೇ ಪ್ರಕರಣ ಆಗ ಸುಪ್ರೀಂ ಕೋರ್ಟಿಗೆ ಕೊಟ್ಟಿದ್ದ ರಿಟ್‌ಗಳಲ್ಲಿ ಕೋ ವಾರಂಟೊ ಹೆಸರು ಹಿಡಿದು ಇತ್ತು. ‘ಯಾವ ಅಧಿಕಾರದಿಂದ ಈ ಹುದ್ದೆಯಲ್ಲಿ ಕೂತಿದ್ದೀರಿ’ ಎಂದು ಕೇಳುವುದೇ ಆ ರಿಟ್ಟಿನ ಕೆಲಸ. ಗವರ್ನರ್ ಹುದ್ದೆಗೆ ಇದು ಅನ್ವಯಿಸದು ಎಂದು ಅಲ್ಲಿ ಬರೆದಿರಲಿಲ್ಲ. ನೀವು ‘ರಿಟ್ ಇದೆ, ಆದರೆ ಸಮಾನ ಅಂಗದ ಮುಖ್ಯಸ್ಥನ ಮೇಲೆ ನಡೆಯದು’ ಎಂಬ ಇಕ್ಕಟ್ಟಿನ ದಾರಿಯಲ್ಲೇ ಸಾಗಬೇಕು. ಕೋರ್ಟು ಕೊಟ್ಟ ಉತ್ತರ ಹೀಗೆ: ಕುರ್ಚಿಯಲ್ಲಿ ಕೂತವರು ಗವರ್ನರೇ ಎಂಬುದೇ ಪ್ರಶ್ನೆಯಾಗಿರುವಾಗ, ಅವರು ಗವರ್ನರ್ ಎಂದು ಮೊದಲೇ ಒಪ್ಪಿಕೊಂಡು ರಕ್ಷಣೆ ಕೊಡಲಾಗದು. ಈ ಉತ್ತರವನ್ನು ಎದುರಿಸುವ ಒಂದು ಪ್ಯಾರಾ ನಿಮ್ಮ ಲಿಖಿತ ವಾದದಲ್ಲಿ ಇರಲೇಬೇಕು.

ಎರಡನೆಯ ಅಸ್ತ್ರ ಪ್ರಮಾಣಪತ್ರದ ಅಂತಿಮತೆ. ಶಾಸನವೇ ಒಂದು ಮಂಡಳಿಯನ್ನು ನೇಮಿಸಿದೆ, ಅದು ಘೋಷಿಸಿದೆ, ಅದರ ಮೇಲೆ ಮೇಲ್ಮನವಿ ಇಟ್ಟಿಲ್ಲ. ಹಾಗಾಗಿ ವಿಷಯ ಮುಗಿಯಿತು. ಕೇಳಲು ಅಚ್ಚುಕಟ್ಟಾಗಿದೆ, ಆದರೆ ಇದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಅದೇ ಸಂವಿಧಾನದ 5ನೇ ಅನುಚ್ಛೇದದ 3ನೇ ಪ್ರಕರಣದ ಪ್ರಕಾರ ಅತಿ ಹೆಚ್ಚು ಮತ ಪಡೆದವರೇ ಗವರ್ನರ್. ‘ಅತಿ ಹೆಚ್ಚು ಮತ ಪಡೆದಿದ್ದಾರೆಂದು ಮಂಡಳಿ ಹೇಳಿದವರು’ ಎಂದು ಅದರಲ್ಲಿಲ್ಲ. ಹಕ್ಕು ಹುಟ್ಟುವುದು ಮತದಿಂದ. ಪ್ರಮಾಣಪತ್ರ ಆ ಹಕ್ಕಿಗೆ ಮೇಲ್ನೋಟದ ಸಾಕ್ಷ್ಯ ಅಷ್ಟೆ. ಜಮೀನಿನ ಪಹಣಿಗೂ ಒಡೆತನಕ್ಕೂ ಇರುವ ಸಂಬಂಧ ನೆನಪಿಸಿಕೊಳ್ಳಿ: ಪಹಣಿಯಲ್ಲಿ ಹೆಸರಿದ್ದರೆ ಒಡೆಯನೆಂದು ಊಹಿಸುತ್ತಾರೆ, ಕ್ರಯಪತ್ರ ಬೇರೆ ಹೇಳಿದರೆ ಊಹೆ ಬೀಳುತ್ತದೆ. ಈ ಇಡೀ ಮೊಕದ್ದಮೆ ನಿಂತಿರುವುದು ಈ ಒಂದೇ ಭೇದದ ಮೇಲೆ. ಮಂಡಳಿಯ ಕೆಲಸ ಕೂಡಿಕೆ, ತೀರ್ಪಲ್ಲ.

ಮೂರನೆಯದು, ಇದನ್ನು ಶಾಸನಸಭೆ ತೀರ್ಮಾನಿಸಬೇಕಿತ್ತು ಎಂಬ ವಾದ. ಕೆಂಟಕಿಯಲ್ಲಿ ಹಾಗೇ ಇದೆ ಎಂದು ನೀವು ತೋರಿಸಬಹುದು. ಅಲ್ಲಿನ 1891ರ ಸಂವಿಧಾನದ 90ನೇ ಪ್ರಕರಣ ಗವರ್ನರ್ ಚುನಾವಣೆಯ ತಕರಾರನ್ನು ಎರಡೂ ಸದನಗಳಿಗೆ ವಹಿಸುತ್ತದೆ. ಆದರೆ ವಿಸ್ಕಾನ್ಸಿನ್ ಸಂವಿಧಾನ ಸದನಗಳಿಗೆ ಕೊಟ್ಟದ್ದು ಒಂದೇ ಸಂದರ್ಭ: ಇಬ್ಬರಿಗೆ ಸಮ ಮತ ಬಂದಾಗ ಜಂಟಿಯಾಗಿ ಒಬ್ಬರನ್ನು ಆರಿಸುವುದು. ಒಂದನ್ನು ಹೆಸರಿಸಿದ್ದರಿಂದ ಉಳಿದದ್ದನ್ನು ಕೊಟ್ಟಿಲ್ಲ ಎಂದು ಎದುರಾಳಿ ಹೇಳುತ್ತಾರೆ. ಅಷ್ಟೇ ಅಲ್ಲ, ಕೆಂಟಕಿಯ ಉದಾಹರಣೆ ಎತ್ತಿದರೆ ಅದರ ಕಥೆಯೂ ಜೊತೆಗೆ ಬರುತ್ತದೆ. 1899ರಲ್ಲಿ ಅಲ್ಲಿನ ಚುನಾವಣಾ ಮಂಡಳಿ ರಿಪಬ್ಲಿಕನ್ ವಿಲಿಯಂ ಟೇಲರ್ 2,383 ಮತಗಳಿಂದ ಗೆದ್ದರೆಂದಿತು. ಡೆಮಾಕ್ರಟ್ ವಿಲಿಯಂ ಗೋಬೆಲ್ ಶಾಸನಸಭೆಗೆ ತಕರಾರು ಹಾಕಿದರು. ವಿಚಾರಣೆಯ ಸಮಿತಿಗೆ ಚೀಟಿ ಎತ್ತಿ ಸದಸ್ಯರನ್ನು ಆರಿಸಿದಾಗ ಅದರಲ್ಲಿ ಬಹುತೇಕ ಎಲ್ಲರೂ ಗೋಬೆಲ್ ಪಕ್ಷದವರೇ ಬಂದರು. 1900ರ ಜನವರಿ 30ರಂದು ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನ ಶಾಸನಭವನದ ಮುಂದೆ ಗೋಬೆಲ್‌ಗೆ ಗುಂಡೇಟು ಬಿತ್ತು. ಸಭೆ ಅವರನ್ನೇ ಗವರ್ನರ್ ಎಂದಿತು, ಹಾಸಿಗೆಯಲ್ಲೇ ಪ್ರಮಾಣವಚನವಾಯಿತು, ಫೆಬ್ರವರಿ 3ರಂದು ತೀರಿಕೊಂಡರು. ಟೇಲರ್ ಹಾಕಿದ ಅರ್ಜಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ಅದೇ ಮೇ ತಿಂಗಳಲ್ಲಿ, ಇದು ರಾಜ್ಯದ ವಿಷಯವೆಂದು ಬಿಟ್ಟಿತು. ಶಾಸನಸಭೆಯ ದಾರಿ ಶಾಂತಿಯ ದಾರಿ ಎಂದು ಹೇಳಲು ಈ ಉದಾಹರಣೆ ಸಹಾಯ ಮಾಡದು.

ಕೋರ್ಟಿನ ತೀರ್ಪನ್ನು ಜನ ಒಪ್ಪದಿದ್ದರೆ ಏನು ಎಂಬುದಕ್ಕೆ ಟೆಕ್ಸಾಸ್ ನಿಮಗೆ ಒದಗುತ್ತದೆ, ಅದನ್ನು ಬಳಸಿ. 1873ರ ಡಿಸೆಂಬರ್ ಚುನಾವಣೆಯಲ್ಲಿ ರಿಚರ್ಡ್ ಕೋಕ್ ಎದುರು ಅಧಿಕಾರದಲ್ಲಿದ್ದ ಎಡ್ಮಂಡ್ ಡೇವಿಸ್ ಭಾರೀ ಅಂತರದಿಂದ ಸೋತರು. ಅಲ್ಲಿನ ಸುಪ್ರೀಂ ಕೋರ್ಟ್ ಸಂವಿಧಾನದ ಒಂದು ವಾಕ್ಯದಲ್ಲಿದ್ದ ಅರ್ಧವಿರಾಮ ಚಿಹ್ನೆಯನ್ನು ಹಿಡಿದು, ಮತದಾನ ನಾಲ್ಕು ದಿನ ನಡೆಯಬೇಕಿತ್ತು, ಆದ್ದರಿಂದ ಚುನಾವಣೆಯೇ ಅಸಿಂಧು ಎಂದಿತು. ಕೋಕ್ ಕಡೆಯವರು ತೀರ್ಪನ್ನು ಪಕ್ಕಕ್ಕಿಟ್ಟು 1874ರ ಜನವರಿ 15ರಂದು ಪ್ರಮಾಣವಚನ ಮಾಡಿಸಿಯೇಬಿಟ್ಟರು. ಕೆಲವು ದಿನ ಶಾಸನಭವನದ ಮೇಲಂತಸ್ತಿನಲ್ಲಿ ಒಂದು ಸರ್ಕಾರ, ಕೆಳಗೆ ಇನ್ನೊಂದು. ಅಧ್ಯಕ್ಷ ಗ್ರಾಂಟ್ ಸೈನ್ಯ ಕಳಿಸಲು ನಿರಾಕರಿಸಿದ ಮೇಲೆ ಡೇವಿಸ್ ಹೊರಟರು. ದಕ್ಷಿಣ ಕೆರೊಲಿನಾದಲ್ಲಿ 1876ರ ಕೊನೆಯಿಂದ 1877ರ ಏಪ್ರಿಲ್‌ವರೆಗೆ ವೇಡ್ ಹ್ಯಾಂಪ್ಟನ್, ಡೇನಿಯಲ್ ಚೇಂಬರ್ಲೇನ್ ಇಬ್ಬರೂ ಗವರ್ನರ್ ಎನ್ನಿಸಿಕೊಂಡಿದ್ದರು. ಕೇಂದ್ರದ ಪಡೆ ಹಿಂದೆ ಸರಿದ ಮರುದಿನ ಚೇಂಬರ್ಲೇನ್ ಬಿಟ್ಟುಕೊಟ್ಟರು. ಅಲ್ಲಿ ತೀರ್ಮಾನ ಮಾಡಿದ್ದು ಕಾಗದವಲ್ಲ, ಬಲ. ಕೋರ್ಟಿನ ಹೆಸರಿಗೆ ಕುತ್ತು ಬರುತ್ತದೆ, ಆದ್ದರಿಂದ ಕೈ ಹಾಕಬಾರದು ಎಂಬ ನಿಮ್ಮ ಮಾತಿಗೆ ಟೆಕ್ಸಾಸ್ ಆಧಾರ. ಅದೇ ಉದಾಹರಣೆ ತಿರುಗಿ ಹೊಡೆಯುವುದೂ ಉಂಟು: ಟೆಕ್ಸಾಸ್ ಕೋರ್ಟು ಸೋತದ್ದು ವಿರಾಮಚಿಹ್ನೆಯ ಮೇಲೆ ನಿಂತದ್ದರಿಂದ, ವಿಸ್ಕಾನ್ಸಿನ್ ಕೋರ್ಟು ನಿಂತದ್ದು ಸಾಕ್ಷ್ಯದ ಮೇಲೆ.

ಇನ್ನು ಬಾರ್‌ಸ್ಟೋ ಮಾಡಿದ ದೊಡ್ಡ ತಪ್ಪು, ನೀವು ಮಾಡಬಾರದ್ದು. ಅಧಿಕಾರವ್ಯಾಪ್ತಿಯ ಆಕ್ಷೇಪ ಬಿದ್ದುಹೋದ ಮೇಲೆ ಮಾರ್ಚ್ 8ರಂದು ಅವರ ವಕೀಲರು ಪ್ರತಿಭಟಿಸಿ ಕೋರ್ಟಿನಿಂದ ಹೊರನಡೆದರು. ಕೋರ್ಟು ‘ಎದುರುಗಾರರಿಲ್ಲ, ತೀರ್ಪು ನಿಮಗೆ’ ಎಂದು ಬ್ಯಾಶ್‌ಫರ್ಡ್‌ಗೆ ಸುಮ್ಮನೆ ಕೊಡಲಿಲ್ಲ. ಇದು ಸಾರ್ವಜನಿಕ ಹುದ್ದೆ, ನಿಮ್ಮ ಹಕ್ಕನ್ನು ಸಾಕ್ಷ್ಯದಿಂದ ತೋರಿಸಿ ಎಂದಿತು. ತೋರಿಸುವಾಗ ಪಾಟೀಸವಾಲು ಮಾಡುವವರೇ ಇರಲಿಲ್ಲ. 1,009 ಎಂಬ ಅಂಕಿ ಪರೀಕ್ಷೆಗೊಳಗಾಗದೆ ದಾಖಲೆಗೆ ಹೋದದ್ದು ಹೀಗೆ. ಅಂಕಿಯನ್ನು ಪ್ರಶ್ನಿಸುವ ಅವಕಾಶ ನಿಮಗೆ ಇಲ್ಲಿದೆ: ಸುಳ್ಳು ಪತ್ರಗಳನ್ನು ಕಳೆಯುವುದು ಒಂದು, ನಿಖರ ಅಂತರ ಹೇಳುವುದು ಇನ್ನೊಂದು, ಏಕಪಕ್ಷೀಯ ಸಾಕ್ಷ್ಯದ ಮೇಲೆ ಎರಡನೆಯದನ್ನು ಮಾಡಬಹುದೇ ಎಂದು ಕೇಳಿ. ನನ್ನ ಮಟ್ಟಿಗೆ ಬಾರ್‌ಸ್ಟೋ ಕಡೆಯ ಅತ್ಯಂತ ಪ್ರಾಮಾಣಿಕ ವಾದ ಇದೇ. ಆ ನಕಲಿ ಪತ್ರಗಳನ್ನು ಮಾತ್ರ ಸಮರ್ಥಿಸಲು ಹೋಗಬೇಡಿ. ಅವು ಸುಳ್ಳೆಂದು ವಾದದ ಸಲುವಾಗಿ ಒಪ್ಪಿಕೊಂಡು ಮುಂದುವರಿದರೆ ಪೀಠಕ್ಕೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಬ್ಯಾಶ್‌ಫರ್ಡ್ ಮುಂದೆ ಕೆಟ್ಟ ಹೆಸರು ತಂದುಕೊಂಡದ್ದನ್ನು ಎತ್ತಬಹುದೇ ಎಂಬ ಆಸೆಯೂ ನಿಮಗೆ ಬರಬಹುದು. ಲಾ ಕ್ರಾಸ್ ಮತ್ತು ಮಿಲ್ವಾಕೀ ರೈಲ್ವೆ ಕಂಪನಿಯಿಂದ 50,000 ಡಾಲರ್ ಬೆಲೆಯ ಬಾಂಡ್ ಪಡೆದದ್ದು 1858ರ ಶಾಸನಸಭಾ ತನಿಖೆಯಲ್ಲಿ ಹೊರಬಿತ್ತು. ಅವರು ಕೊನೆಗೆ ಅರಿಝೋನಾ ಪ್ರಾಂತ್ಯ ಸೇರಿದರು. ಸಂಗತಿ ನಿಜ. ಆದರೆ ಲಂಚ ತಿಂದವನಿಗೆ ಬಿದ್ದ ಮತವೂ ಮತವೇ, ಅದೂ ಲಂಚ ಆಮೇಲಿನದು. ಮೊಕದ್ದಮೆಗೆ ಸಂಬಂಧವಿಲ್ಲ, ಬಿಡಿ.

ಕೊನೆಯದಾಗಿ ನಿಮ್ಮ ಗೆಳತಿಯ ಹೋಲಿಕೆ. ಅರ್ಧ ಸರಿ, ಅರ್ಧ ಅಪಾಯ. ಕೋ ವಾರಂಟೊ ನಮ್ಮ ಹೈಕೋರ್ಟುಗಳಿಗೆ 226ನೇ ವಿಧಿಯಲ್ಲಿ ಇದೆ. ಅದರ ನಿಯಮಗಳನ್ನು ಸುಪ್ರೀಂ ಕೋರ್ಟ್ ವಿವರಿಸಿದ್ದೇ ನಮ್ಮ ಮೈಸೂರು ವಿಶ್ವವಿದ್ಯಾಲಯದ ಗೋವಿಂದ ರಾವ್ ಪ್ರಕರಣದಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ರೀಡರ್ ಹುದ್ದೆಯ ವಿಷಯಕ್ಕೆ: ಹುದ್ದೆ ಸಾರ್ವಜನಿಕವಾಗಿರಬೇಕು, ಕೂತವರಿಗೆ ಕಾನೂನುಬದ್ಧ ಹಕ್ಕು ಇಲ್ಲದಿರಬೇಕು. ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರ ನೇಮಕವನ್ನು 2001ರ ಸೆಪ್ಟೆಂಬರ್‌ನಲ್ಲಿ ಕಪೂರ್ ಪ್ರಕರಣದಲ್ಲಿ ರದ್ದು ಮಾಡಿದ್ದೂ ಇದೇ ರಿಟ್ಟಿನ ಮೂಲಕ. ಆದರೆ ಅಲ್ಲಿ ಪ್ರಶ್ನೆ ಶಿಕ್ಷೆಗೊಳಗಾದವರು ಆ ಹುದ್ದೆಗೆ ಅರ್ಹರೇ ಎಂಬುದಾಗಿತ್ತು, ಮತಗಳ ಎಣಿಕೆಯಲ್ಲ. ಮತ ಎಣಿಕೆಯ ತಕರಾರಿಗೆ 329ನೇ ವಿಧಿ ಬೇರೆ ಬಾಗಿಲುಗಳನ್ನು ಮುಚ್ಚಿದೆ. 1951ರ ಜನಪ್ರತಿನಿಧಿ ಕಾಯ್ದೆಯ 81ನೇ ಪ್ರಕರಣದಡಿ ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಗೆದ್ದವರ ಆಯ್ಕೆ ರದ್ದು ಮಾಡಿ ಎಂದಷ್ಟೇ ಕೇಳಿದರೆ ಮರುಚುನಾವಣೆ; ‘ನಾನೇ ಆಯ್ಕೆಯಾದೆ ಎಂದು ಘೋಷಿಸಿ’ ಎಂದೂ 84ನೇ ಪ್ರಕರಣದಡಿ ಸೇರಿಸಿ ಕೇಳಬೇಕು. ಆಗ ಎದುರಿನವರು 97ನೇ ಪ್ರಕರಣದಡಿ ನಿಮ್ಮ ಮತಗಳನ್ನೂ ಕೆದಕಬಹುದು. ಬ್ಯಾಶ್‌ಫರ್ಡ್ ಕೂಡ ಎರಡನ್ನೂ ಕೇಳಿದ್ದರು: ಬಾರ್‌ಸ್ಟೋ ಇಳಿಯಲಿ, ನಾನು ಏರಲಿ. ಹೋಲಿಕೆ ಕೊಡುವುದಾದರೆ ರಿಟ್ಟಿಗೆ ರಿಟ್ ಅಲ್ಲ, ಈ ಎರಡು ಹಂತದ ಪರಿಹಾರಕ್ಕೆ ಕೊಡಿ. ಪೀಠದಿಂದ ‘ಇಲ್ಲಿ ಸುಳ್ಳು ಫಲಿತಾಂಶ ಪತ್ರ ಹೇಗೆ ಹಿಡಿಯುತ್ತೀರಿ’ ಎಂದು ಕೇಳಿದರೆ, ಮತಗಟ್ಟೆ ಬಿಡುವಾಗ ಏಜೆಂಟರಿಗೆ ಸಹಿ ಹಾಕಿ ಕೊಡುವ, ಚಲಾವಣೆಯಾದ ಮತಗಳ ಲೆಕ್ಕದ ನಮೂನೆ 17ಸಿ ಮತ್ತು ಎಣಿಕೆಯ ಅಂತಿಮ ಪಟ್ಟಿಯಾದ ನಮೂನೆ 20, ಎರಡನ್ನೂ ಮತಗಟ್ಟೆವಾರು ತಾಳೆ ನೋಡುತ್ತೇವೆ ಎನ್ನಿ. 1855ರಲ್ಲಿ ಬ್ಯಾಶ್‌ಫರ್ಡ್ ಏಜೆಂಟರ ಕೈಯಲ್ಲಿ ಅಂಥದೊಂದು ಪ್ರತಿ ಇದ್ದಿದ್ದರೆ ಕಾಡಿನ ಆ ಪತ್ರಗಳು ಮ್ಯಾಡಿಸನ್‌ನ ಮೇಜಿನ ಮೇಲೇ ಬಿದ್ದುಹೋಗುತ್ತಿದ್ದವು.

ಮೂಲ ತೀರ್ಪು 4ನೇ ವಿಸ್ಕಾನ್ಸಿನ್ ವರದಿ ಸಂಪುಟದ 567ನೇ ಪುಟದಿಂದ ಶುರುವಾಗುತ್ತದೆ. ಉದ್ದವಿದೆ, ವಕೀಲರ ವಾದಗಳೂ ಅದರಲ್ಲೇ ಅಚ್ಚಾಗಿವೆ. ಬಾರ್‌ಸ್ಟೋ ವಕೀಲರ ಅಧಿಕಾರವ್ಯಾಪ್ತಿಯ ಭಾಗವನ್ನು ಮೊದಲು ಓದಿ, ಆಮೇಲೆ ವೈಟನ್ ಅವರ ಉತ್ತರಕ್ಕೆ ಬನ್ನಿ. ಹಿಂದುಮುಂದು ಓದಿದರೆ ತೀರ್ಪಿನ ಪ್ರಭಾವದಲ್ಲೇ ನಿಮ್ಮ ಕಡೆಯ ಮಾತು ಕೇಳುವಂತಾಗುತ್ತದೆ.